ಆ ವಿಷಕ್ಕೆ ಒಂದು ಹೆಸರು ಹೇಳಿ ಮಾರಾಯ್ರೆ

ಈಗಷ್ಟೇ ಫೋನ್ ಇಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ. ಹೋದ ವಾರ ಮೂರು ದಿನದ ಡಿಟಾಕ್ಸ್ ಜ್ಯೂಸ್ ತರಿಸಿದ್ದೆನಲ್ಲ, ಆ ಅಂಗಡಿಯ ಹುಡುಗಿ.

"ಮೇಡಂ, ಟಾಕ್ಸಿನ್ ಎಲ್ಲ ಹೋದ ಹಾಗೆ ಅನಿಸ್ತದಾ? ಏಳು ದಿನದ ಪ್ಯಾಕಿಗೆ ಡಿಸ್ಕೌಂಟ್ ಉಂಟು."

"ಯಾವ ಟಾಕ್ಸಿನ್ ಅಮ್ಮಾ?"

"ಅದೇ ಮೇಡಂ... ಬಾಡಿಯಲ್ಲಿ ಇರ್ತದಲ್ಲ, ಅದು."

ಪಾಪ, ಅವಳಿಗೆ ಬರೆದುಕೊಟ್ಟದ್ದನ್ನು ಅವಳು ಓದುತ್ತಾಳೆ. ಬರೆದವರು ಯಾರೋ, ಅವರು ಕೈಗೆ ಸಿಗಬೇಕಿತ್ತು.

ಹೌದು, ನಾನೇ ತರಿಸಿದ್ದು. ಮಂಗಳೂರು ಬಿಜೈಯ ನಮ್ಮ ಮನೆಯಲ್ಲಿ ಬನ್ಸ್ ತಿಂದು ಹೋದವರೆಲ್ಲ ಈಗ ನಗುತ್ತಿರುತ್ತೀರಿ. ನಗಿ. ಖಾಲಿ ಹೊಟ್ಟೆಯ ಶುಗರ್ 118 ಬಂದಿತ್ತು. "ಇನ್ನೂ ಡಯಾಬಿಟಿಸ್ ಅಲ್ಲ, 126 ಮುಟ್ಟಿದರೆ ಯೋಚನೆ. ದಿನಾ ನಡೆಯಿರಿ, ಅನ್ನ ಸ್ವಲ್ಪ ಕಡಿಮೆ ಮಾಡಿ" ಎಂದರು ಡಾಕ್ಟರು. ಬಿಟ್ಟಿ ಸಿಕ್ಕಿದ ಬುದ್ಧಿಮಾತು ನೋಡಿ, ರುಚಿಸಲಿಲ್ಲ. ಮನೆಗೆ ಬಂದು 2,400 ರೂಪಾಯಿ ಕೊಟ್ಟು ಹದಿನೈದು ಬಾಟಲಿ ತರಿಸಿದೆ.

ಬಾಟಲಿಯೊಳಗೆ ಎಂತ? ಸೇಬು, ಅನಾನಸು, ಬೀಟ್ರೂಟ್. ನಾರನ್ನೆಲ್ಲ ಸೋಸಿ ಎಸೆದು ಸಿಹಿನೀರು ಮಾತ್ರ ಉಳಿಸಿದ್ದು. ಶುಗರ್ ಗಡಿಯಲ್ಲಿರುವವಳಿಗೆ ದಿನಕ್ಕೆ ಐದು ಬಾಟಲಿ! ನಿಮಗೆ ಶುಗರ್ ಉಂಟಾ, ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಒಬ್ಬರೂ ಕೇಳಲಿಲ್ಲ. ಫ್ಲಾಟಿನಲ್ಲಿ ಲಿಫ್ಟ್ ಉಂಟಾ ಎಂದು ಮಾತ್ರ ಕೇಳಿದರು.

ಮೊದಲ ದಿನ ತಲೆನೋವು. ಚಹಾ ಬಿಟ್ಟದ್ದಕ್ಕೆ ಅಂತ ನನಗೆ ಗೊತ್ತು, ಅಂಗಡಿಯವರು ಅದನ್ನೂ "ವಿಷ ಹೊರಗೆ ಬರ್ತಾ ಉಂಟು" ಎಂದರು. ಎರಡನೇ ದಿನ ಸಂಜೆ ನಾಲ್ಕಕ್ಕೆ ಸ್ಟಾಫ್ ರೂಮಿಗೆ ಯಾರೋ ಗೋಳಿಬಜೆ ತಂದರು. ನಾನು ಕಿಟಕಿ ಹತ್ತಿರ ಹೋಗಿ ನಿಂತೆ. ಅಲ್ಲಿಗೂ ಬಂತು ಪರಿಮಳ. ಮೂರನೇ ದಿನ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿಗೆ ಸುಮ್ನೆ ಬೈದೆ. ಅವನ ಮುಖ ಇನ್ನೂ ಕಣ್ಣ ಮುಂದೆ ಉಂಟು.

ತೂಕ ಇಳಿಯಿತಾ? 1.8 ಕಿಲೋ ಇಳಿಯಿತು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮೂ ಮೂರು ಗ್ರಾಂನಷ್ಟು ನೀರು ಹಿಡಿದುಕೊಂಡಿರುತ್ತದೆ. ಹೊಟ್ಟೆಗೆ ಕಡಿಮೆ ಹಾಕಿದರೆ ದಾಸ್ತಾನು ಕರಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಭಾನುವಾರ ಬಂಗುಡೆ ಪುಳಿಮುಂಚಿಯಲ್ಲಿ ಎರಡು ಸಲ ಅನ್ನ ಹಾಕಿಕೊಂಡೆ. ಬುಧವಾರದೊಳಗೆ ಪೂರ್ತಿ 1.8 ವಾಪಸ್.

ದುಡ್ಡು ಹೋದದ್ದಕ್ಕೆ ಇಷ್ಟು ಸಿಟ್ಟಲ್ಲ. ಆ "ವಿಷ" ಎನ್ನುವ ಮಾತಿಗೆ.

ಅಪ್ಪನ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಶುಗರಿನಿಂದ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಡಯಾಲಿಸಿಸ್. ಎರಡು ವರ್ಷ ಆ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದ್ದೇನೆ. ಮೈಯಿಂದ ವಿಷ ತೆಗೆಯುವುದು ಹೇಗೆ ಅಂತ ನನಗೆ ಕಲಿಸಲು ಬರಬೇಡಿ. ಅಲ್ಲಿ ವಿಷಕ್ಕೆ ಹೆಸರಿತ್ತು. ಯೂರಿಯಾ, ಕ್ರಿಯಾಟಿನಿನ್. ಪಕ್ಕದಲ್ಲಿ ಅಂಕಿ ಇತ್ತು. ಆ ಅಂಕಿ ನೋಡಿಯೇ ನಮ್ಮ ಮನೆಯ ದಿನ ಒಳ್ಳೆಯದೋ ಕೆಟ್ಟದೋ ಅಂತ ತೀರ್ಮಾನ ಆಗುತ್ತಿತ್ತು. ಸರಿಯಿರುವ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ, ಡಿಸ್ಕೌಂಟ್ ಕೇಳದೆ.

ಅಪ್ಪ ಕೊನೆಗಾಲದಲ್ಲಿ ಕೇಳುತ್ತಿದ್ದದ್ದು ಒಂದೇ, ಬೊಂಡ, ಅಂದರೆ ಎಳನೀರು. ಕೊಡುವ ಹಾಗಿರಲಿಲ್ಲ. ಅದರ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯಕ್ಕೇ ಅಪಾಯ. ಹಣ್ಣಿನ ರಸವೂ ಹಾಗೆಯೇ. ಕಿಡ್ನಿ ಸೋತವರ ಮನೆಗೂ ಈ ಬಾಟಲಿಗಳನ್ನು ಹೀಗೆಯೇ ಒಂದು ಮಾತೂ ಕೇಳದೆ ಕಳಿಸುತ್ತಾರಲ್ಲ ಎಂದು ನೆನೆದರೆ ಮೈ ಉರಿಯುತ್ತದೆ.

"ಶುರು ಮಾಡಲು ಒಂದು ನೆಪ ಬೇಕಲ್ವಾ, ಮೂರು ದಿನ ಬಾಯಿ ಕಟ್ಟಿದರೆ ಮುಂದೆ ಅಭ್ಯಾಸ ಆಗ್ತದೆ" ಎಂದರು ಇವರು. ಸೋಫಾದಲ್ಲಿ ಕೂತು, ಚಕ್ಕುಲಿ ತಿನ್ನುತ್ತಾ. ನನಗೆ ಆದ ಅಭ್ಯಾಸ ಎಂತ ಹೇಳಲಾ? ನಾಲ್ಕನೇ ದಿನ ಐದು ಗೋಳಿಬಜೆ. ಸರಿ, ಸುಳ್ಳು ಯಾಕೆ, ಚಹಾಕ್ಕೆ ಎರಡು ಚಮಚ ಇದ್ದ ಸಕ್ಕರೆ ಈಗ ಅರ್ಧಕ್ಕೆ ಇಳಿದಿದೆ. ಅದಕ್ಕೆ 2,400 ಬೇಕಿತ್ತಾ?

ಹಾಗಂತ "ನಮ್ಮ ಹಿರಿಯರ ಡಿಟಾಕ್ಸ್ ನೋಡಿ" ಎಂದು ಆಟಿ ಕಷಾಯದ ಫೋಟೋ ಕಳಿಸಬೇಡಿ. ಬೆಳಿಗ್ಗೆಯಿಂದ ಏಳು ಬಂದಿದೆ. ನಮ್ಮ ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯಿಂದ ಮಾಡುವ ಕಷಾಯ ಅದು. ಬೆಳಕು ಹರಿಯುವ ಮೊದಲೇ ಹೋಗಿ, ಪಾಲೆ ಮರ ಎಂದುಕೊಂಡು ಕಾಸರಕದ ತೊಗಟೆ ಕೆತ್ತಿ ತಂದರೆ ಎಂತ ಗತಿ? ಆ ವಿಷಕ್ಕೂ ಸರಿಯಾದ ಹೆಸರುಂಟು, ಸ್ಟ್ರಿಕ್ನಿನ್.

ನಾಳೆ ಆಟಿ ಅಮಾವಾಸ್ಯೆ. ನಮ್ಮಲ್ಲಿ ತೊಗಟೆ ತರುವುದು ಭಾವ. ಅವರು ಹಗಲಿನಲ್ಲೇ ಮರ ನೋಡಿ ಗುರುತು ಮಾಡಿ ಬಂದಿದ್ದಾರೆ. ಅತ್ತೆ ಆಗಲೇ ಕೇಳಿಯಾಯಿತು, "ನಾಳೆಯಾದರೂ ನಮ್ಮ ಕಷಾಯ ಕುಡಿಯುತ್ತೀಯಾ, ಇಲ್ಲ ಅದಕ್ಕೂ ಬಾಟಲಿ ತರಿಸಬೇಕಾ?"

ಕುಡಿಯುತ್ತೇನೆ. ವಿಷ ಹೋಗಲಿ ಅಂತಲ್ಲ. ಅದರ ಮೇಲೆ ಮೆಂತೆ ಗಂಜಿ ಸಿಗುತ್ತದೆ, ಅದಕ್ಕೆ. ಬೆಲ್ಲ ಕಡಿಮೆ ಹಾಕಿ ಎಂದು ಅತ್ತೆಗೆ ಹೇಳಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ.