ಚಿಕ್ಕಪ್ಪನ ಪಾರ್ಕಿನ್ಸನ್ಸ್, ಮೈಟೊಕಾಂಡ್ರಿಯ ಮತ್ತು ಅಮೆರಿಕದಿಂದ ಬಂದ ಸೀಸೆ

ಕಳೆದ ತಿಂಗಳು ಸಾಗರದ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ, ಕುಶಲ ವಿಚಾರಿಸುವ ಮೊದಲೇ ಅವರು ಟೀಪಾಯಿಯ ಮೇಲೆ ಒಂದು ಬಿಳಿ ಸೀಸೆಯನ್ನು ತಂದಿಟ್ಟರು. ಅಮೆರಿಕದಲ್ಲಿರುವ ಮೊಮ್ಮಗ ಕಳಿಸಿದ್ದು. ಒಳಗೆ ಕೋಎನ್‌ಜೈಮ್ ಕ್ಯೂ10ರ 60 ಕ್ಯಾಪ್ಸೂಲುಗಳು, ಒಂದೊಂದರಲ್ಲಿ 100 ಮಿಲಿಗ್ರಾಂ. ಚಿಕ್ಕಪ್ಪನಿಗೆ ಪಾರ್ಕಿನ್ಸನ್ಸ್ ಎಂಬ ನಡುಕದ ನರರೋಗವೆಂದು ಗೊತ್ತಾಗಿ ನಾಲ್ಕು ವರ್ಷವಾಯಿತು. ಮೆಟ್ಟುಗತ್ತಿಯ ಮುಂದೆ ಕುಳಿತರೆ ಮಾತಾಡುತ್ತಲೇ ಡಬ್ಬಿಗಟ್ಟಲೆ ಅಡಿಕೆ ಸುಲಿದು ಮುಗಿಸುತ್ತಿದ್ದ ಆ ಕೈಗೆ ಈಗ ಅಂಗಿಯ ಒಂದು ಗುಂಡಿಯನ್ನು ಕಾಜಾದೊಳಗೆ ತೂರಿಸುವುದಕ್ಕೆ ಐದು ನಿಮಿಷ ಬೇಕು.

"ಮೈಟೊಕಾಂಡ್ರಿಯ ಸೋತದ್ದಕ್ಕೇ ಈ ಕಾಯಿಲೆಯಂತೆ. ಇದು ಅದಕ್ಕೆ ಶಕ್ತಿ ಕೊಡತ್ತಂತೆ, ಪಂಪ್‌ಸೆಟ್ಟಿಗೆ ಡೀಸೆಲ್ ಹಾಕಿದ ಹಾಗೆ. ನೀನು ಇದನ್ನೇ ಪಾಠ ಮಾಡಿದವನಲ್ವೇನೋ, ಹೇಳು" ಎಂದರು.

ಹೌದು, ಮೂವತ್ತು ವರ್ಷ ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕ. ಚಿಕ್ಕಪ್ಪನ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಉಳಿದರ್ಧವನ್ನು ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿ ನೋಡಲಾಗಿದೆ, ಅದು ಸೋತಿದೆ. ಆದರೆ ಮೊದಲರ್ಧದ ಸತ್ಯವನ್ನೇ ಜಾಮೀನಾಗಿಟ್ಟು ಎರಡನೆಯದನ್ನು ಇಂದಿಗೂ ಮಾರಲಾಗುತ್ತಿದೆ ಎಂಬುದೇ ನನ್ನ ತಕರಾರು.

ಮೊದಲರ್ಧದ ಕತೆ ಒಂದು ಅಪಘಾತದಿಂದ ಶುರುವಾಗುತ್ತದೆ. 1982ರಲ್ಲಿ ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವ್ಯಸನಿಗಳಾಗಿದ್ದ ಕೆಲವರು ಇದ್ದಕ್ಕಿದ್ದಂತೆ ಕೊರಡಿನಂತೆ ಸೆಟೆದುಕೊಂಡು ಆಸ್ಪತ್ರೆ ಸೇರಿದರು. ಎಪ್ಪತ್ತರ ವಯಸ್ಸಿನಲ್ಲಿ, ವರ್ಷಗಟ್ಟಲೆ ಬಳಲಿದ ಮೇಲೆ ಕಾಣುವ ಪಾರ್ಕಿನ್ಸನ್ಸ್‌ನ ಲಕ್ಷಣಗಳೆಲ್ಲ ಅವರಲ್ಲಿ ಕೆಲವೇ ದಿನಗಳಲ್ಲಿ ಮೂಡಿದ್ದವು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞರು ಬೆನ್ನುಹತ್ತಿ ನೋಡಿದಾಗ, ಅವರು ಚುಚ್ಚಿಕೊಂಡಿದ್ದ ಕಳ್ಳಬಟ್ಟಿ ಹೆರಾಯಿನ್‌ನಲ್ಲಿ, ತಯಾರಿಕೆಯ ತಪ್ಪಿನಿಂದ ಎಂಪಿಟಿಪಿ ಎಂಬ ರಾಸಾಯನಿಕ ಸೇರಿಕೊಂಡಿತ್ತೆಂದು ತಿಳಿಯಿತು. ಇದು ಮೆದುಳಿನೊಳಗೆ ರೂಪಾಂತರಗೊಂಡು, ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ ಅವುಗಳ ಒಳಹೊಕ್ಕು, ಮೈಟೊಕಾಂಡ್ರಿಯದಲ್ಲಿ ಶಕ್ತಿ ಉತ್ಪಾದನೆಯ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್ 1ನ್ನು ತಡೆಹಿಡಿಯುತ್ತದೆ. ಕರೆಂಟು ಕಡಿದ ಕೋಶ ಸಾಯುತ್ತದೆ.

1989ರಲ್ಲಿ ಲಂಡನ್ನಿನ ಶಪೀರಾ ಮತ್ತು ಸಂಗಡಿಗರು, ಇಂಥ ಯಾವ ವಿಷವನ್ನೂ ಕಾಣದ ಸಾಮಾನ್ಯ ಪಾರ್ಕಿನ್ಸನ್ಸ್ ರೋಗಿಗಳ ಮೆದುಳಿನಲ್ಲಿಯೂ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ, ಈ ಡೋಪಮೈನ್ ಕೋಶಗಳಿರುವ ಕಪ್ಪು ಭಾಗದಲ್ಲಿ, ಅದೇ ಕಾಂಪ್ಲೆಕ್ಸ್ 1ರ ಚಟುವಟಿಕೆ ಕುಗ್ಗಿದೆಯೆಂದು ತೋರಿಸಿದರು. 2000ದಲ್ಲಿ ರೋಟೆನೋನ್ ಎಂಬ, ಗಿಡದಿಂದ ಬರುವ ಕೀಟನಾಶಕವನ್ನು ಇಲಿಗಳಿಗೆ ಸ್ವಲ್ಪಸ್ವಲ್ಪವೇ ಸತತವಾಗಿ ಕೊಟ್ಟಾಗಲೂ ಪಾರ್ಕಿನ್ಸನ್ಸ್‌ನಂಥದ್ದೇ ಕಾಯಿಲೆ ಕಾಣಿಸಿತು. ಅದು ತಡೆಯುವುದೂ ಕಾಂಪ್ಲೆಕ್ಸ್ 1ನ್ನೇ. 2011ರಲ್ಲಿ ಅಮೆರಿಕದ ಕೃಷಿ ಕುಟುಂಬಗಳ ಅಧ್ಯಯನವೊಂದು, ರೋಟೆನೋನ್ ಅಥವಾ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದವರಲ್ಲಿ ಈ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು ಎಂದಿತು. ಇದನ್ನು ಹೇಳುತ್ತಿದ್ದಂತೆಯೇ ಚಿಕ್ಕಪ್ಪ, ಕೊಳೆರೋಗಕ್ಕೆಂದು ಪ್ರತಿ ಮಳೆಗಾಲ ತಾವು ಹೊಡೆಸುತ್ತಿದ್ದ ಬೋರ್ಡೋ ದ್ರಾವಣದ ಬಗ್ಗೆ ಕೇಳಿದರು. ಅದು ಮೈಲುತುತ್ತ ಮತ್ತು ಸುಣ್ಣ, ರೋಟೆನೋನ್ ಮತ್ತು ಪ್ಯಾರಾಕ್ವಾಟ್‌ನ ಜಾತಿಯೇ ಬೇರೆ ಎಂದೆ.

ಆ ಕಪ್ಪು ಭಾಗದ ಕೋಶಗಳಿಗೇ ಏಕೆ ಈ ಪೆಟ್ಟು ಎಂಬ ಪ್ರಶ್ನೆಗೆ ಸಿಕ್ಕಿರುವ ಉತ್ತರ ನನಗೆ ಬಹಳ ಹಿಡಿಸಿದ್ದು. ಅಲ್ಲಿನ ಒಂದೊಂದು ಕೋಶವೂ ಲಕ್ಷಗಟ್ಟಲೆ ಕವಲೊಡೆದ ತಂತುವನ್ನು ಸಾಕಬೇಕು, ಜೊತೆಗೆ ಯಾರೂ ಪ್ರಚೋದಿಸದಿದ್ದರೂ ತನ್ನಷ್ಟಕ್ಕೆ ಮಿಡಿಯುತ್ತಲೇ ಇರಬೇಕು. ಪ್ರತಿ ಮಿಡಿತಕ್ಕೂ ಒಳನುಗ್ಗುವ ಕ್ಯಾಲ್ಸಿಯಂ ಅನ್ನು ಹೊರದಬ್ಬಲು ಮತ್ತೆ ಶಕ್ತಿ ಬೇಕು. ದೊಡ್ಡ ಸಂಸಾರ, ಬಿಡುವಿಲ್ಲದ ದುಡಿಮೆ, ಕೂಡಿಟ್ಟದ್ದೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮನುಷ್ಯನಿಗೆ ವಯಸ್ಸಾಗುತ್ತಿದ್ದಂತೆ ಮೆದುಳಿನ ಸ್ಟ್ರಯಾಟಮ್ ಭಾಗಕ್ಕಿಂತ ಈ ಕಪ್ಪು ಭಾಗದಲ್ಲಿ ಉತ್ಕರ್ಷಣದ ಹಾನಿ, ಅಂದರೆ ಆಮ್ಲಜನಕದ ಚುರುಕು ಅಣುಗಳು ಕೋಶಕ್ಕೆ ಕೊಡುವ ಪೆಟ್ಟು, ಹೆಚ್ಚುತ್ತದೆ, ಅದನ್ನು ತಡೆಯುವ ಬಲ ಕುಗ್ಗುತ್ತದೆ ಎಂದೇ ಹೇಳುತ್ತದೆ.

ಇಷ್ಟು ಗಟ್ಟಿಯಾದ ಅಡಿಪಾಯವಿರುವಾಗ ಕ್ಯೂ10ರ ಮೇಲೆ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿರಲಿಲ್ಲ. ಕಾಂಪ್ಲೆಕ್ಸ್ 1ರಿಂದ ಎಲೆಕ್ಟ್ರಾನುಗಳನ್ನು ಹೊತ್ತು ಮುಂದಿನ ಕೊಂಡಿಗೆ ಮುಟ್ಟಿಸುವ ಅಣುವೇ ಅದು. 2002ರಲ್ಲಿ ಅಮೆರಿಕದ ಷಲ್ಟ್ಸ್ ಮತ್ತು ಸಂಗಡಿಗರು 80 ರೋಗಿಗಳ ಮೇಲೆ ಹದಿನಾರು ತಿಂಗಳ ಕಾಲ ಪರೀಕ್ಷಿಸಿ, ದಿನಕ್ಕೆ 1200 ಮಿಲಿಗ್ರಾಂ ಪಡೆದವರ ಸ್ಥಿತಿ ಹದಗೆಟ್ಟ ಪ್ರಮಾಣ, ಬರೀ ಹುಸಿಗುಳಿಗೆ ಪಡೆದವರಿಗಿಂತ ಶೇ. 44ರಷ್ಟು ಕಡಿಮೆ ಎಂದು ಬರೆದರು. ನಾನು ಅದನ್ನು ಓದಿ ಮರುದಿನವೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದೆ. ಅಷ್ಟಕ್ಕೇ ಸುಮ್ಮನಿರದೆ, ಪಾರ್ಕಿನ್ಸನ್ಸ್ ಇದ್ದ ಸಹೋದ್ಯೋಗಿಯೊಬ್ಬರಿಗೆ "ಇದನ್ನು ತರಿಸಿಕೊಳ್ಳಿ ಸಾರ್" ಎಂದೂ ಹೇಳಿದೆ. ಅವರು ಎರಡು ವರ್ಷ ದುಬಾರಿ ಬೆಲೆ ತೆತ್ತು ನುಂಗಿದರು. ಆ 1200 ಮಿಲಿಗ್ರಾಂ ಗುಂಪಿನಲ್ಲಿ ಇದ್ದವರು ಕೇವಲ 23 ಜನ ಎಂಬುದು ಪ್ರಬಂಧದಲ್ಲೇ ಇತ್ತು. ನಾನು ಕಂಡೂ ಕಾಣದಂತೆ ದಾಟಿಹೋಗಿದ್ದೆ. ಆ ಪ್ರಬಂಧವನ್ನು ಬರೆದವರು ಮಾತ್ರ, ದೊಡ್ಡ ಪರೀಕ್ಷೆಯಾಗುವ ತನಕ ಇದನ್ನು ಶಿಫಾರಸು ಮಾಡಲಾಗದು ಎಂಬ ಎಚ್ಚರದಲ್ಲೇ ಇದ್ದರು.

ಆ ದೊಡ್ಡ ಪರೀಕ್ಷೆ ನಡೆಯಿತು. 600 ರೋಗಿಗಳು, ದಿನಕ್ಕೆ 1200 ಮತ್ತು 2400 ಮಿಲಿಗ್ರಾಂ. ಮುಂದುವರಿಸಿ ಪ್ರಯೋಜನವಿಲ್ಲವೆಂದು 2011ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ವಿವರಗಳು 2014ರಲ್ಲಿ ಪ್ರಕಟವಾದಾಗ ಎರಡೂ ಪ್ರಮಾಣಗಳು ಹುಸಿಗುಳಿಗೆಗಿಂತ ಮೇಲೆನಿಸಿರಲಿಲ್ಲ. ಕೋಶದಲ್ಲಿ ಶಕ್ತಿಯನ್ನು ಕೂಡಿಡಲು ನೆರವಾಗುವ ಕ್ರಿಯಾಟಿನ್‌ನದೂ ಅದೇ ಪಾಡು: 1741 ರೋಗಿಗಳು, ದಿನಕ್ಕೆ 10 ಗ್ರಾಂ, 2007ರಲ್ಲಿ ಶುರುವಾಗಿ 2013ರಲ್ಲಿ ನಿಂತಿತು. 800 ರೋಗಿಗಳ ಮೇಲೆ, ಉತ್ಕರ್ಷಣವನ್ನು ತಡೆಯುವ ವಿಟಮಿನ್ ಇ ಸೋತದ್ದು ಇವೆಲ್ಲಕ್ಕಿಂತ ಹಿಂದೆ, 1993ರ ಹೊತ್ತಿಗೇ. ಮೈಟೊಕಾಂಡ್ರಿಯದ ಒಳಕ್ಕೇ ನೇರವಾಗಿ ಹೋಗಿ ಸೇರುವಂತೆ ರೂಪಿಸಿದ ಮೈಟೊಕ್ಯೂ ಕೂಡ 2010ರಲ್ಲಿ 128 ರೋಗಿಗಳಲ್ಲಿ ಏನೂ ವ್ಯತ್ಯಾಸ ತರಲಿಲ್ಲ.

ಏಕೆ ಹೀಗಾಯಿತು ಎಂಬುದಕ್ಕೆ ಚಿಕ್ಕಪ್ಪನ ಪಂಪ್‌ಸೆಟ್ಟನ್ನೇ ಎರವಲು ಪಡೆಯುತ್ತೇನೆ. ಪಿಂಕ್1 ಮತ್ತು ಪಾರ್ಕಿನ್ ಎಂಬ ಎರಡು ಜೀನುಗಳು ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ಸ್ ಬರುತ್ತದೆ. ಅವುಗಳ ಕೆಲಸ ಇಂಧನ ಒದಗಿಸುವುದಲ್ಲ, ಕೆಟ್ಟುಹೋದ ಮೈಟೊಕಾಂಡ್ರಿಯವನ್ನು ಗುರುತಿಸಿ, ಗುಜರಿಗೆ ಹಾಕುವುದಕ್ಕೆ ಚೀಟಿ ಅಂಟಿಸುವುದು. ತೋಟದ ತುಂಬ ಹೊಗೆಯುಗುಳುವ ಹಳೆಯ ಪಂಪುಗಳೇ ತುಂಬಿ, ಅವನ್ನು ಎತ್ತಿ ಹೊರಹಾಕುವ ಆಳೇ ಇಲ್ಲದಿದ್ದರೆ, ಇನ್ನಷ್ಟು ಡೀಸೆಲ್ ಸುರಿದು ಫಲವೇನು? ಇದರ ಮೇಲೆ ತಡದ ಪ್ರಶ್ನೆಯೂ ಇದೆ. ಕೈ ನಡುಗುವ ಹೊತ್ತಿಗೆ ಆ ಕಪ್ಪು ಭಾಗದ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ, ಮತ್ತು ಸತ್ತ ಕೋಶಕ್ಕೆ ಯಾವ ಪೂರಕವೂ ತಲುಪದು. ಎಲ್ಲ ರೋಗಿಗಳಲ್ಲೂ ಮೈಟೊಕಾಂಡ್ರಿಯವೇ ಮುಖ್ಯ ಕಾರಣವಾಗಿರಬೇಕೆಂದೂ ಇಲ್ಲ. ಹಾಗೆಂದು ಈ ದಾರಿಯನ್ನೇ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ನಾರ್ವೆಯ ಬರ್ಗನ್‌ನಲ್ಲಿ 30 ರೋಗಿಗಳ ಪರೀಕ್ಷೆಯೊಂದರಲ್ಲಿ ನಿಕೋಟಿನಮೈಡ್ ರೈಬೊಸೈಡ್ ಎಂಬ ಪೂರಕ ಕೊಟ್ಟು, ಕೋಶದ ಶಕ್ತಿ ವ್ಯವಹಾರಕ್ಕೆ ಬೇಕಾದ ಎನ್‌ಎಡಿ ಎಂಬ ಅಣು ಮೆದುಳಿನಲ್ಲೇ ಹೆಚ್ಚುತ್ತದೆಂದು 2022ರಲ್ಲಿ ತೋರಿಸಿದ್ದಾರೆ. ಇದು ಒಳ್ಳೆಯ ಕೆಲಸ. ಆದರೆ ಅಣು ಹೆಚ್ಚುವುದು ಬೇರೆ, ಗುಂಡಿ ಹಾಕಲು ಬರುವುದು ಬೇರೆ.

"ಹಾಗಾದರೆ ನಸುಗುನ್ನಿ?" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು. ಬೇಲಿಯ ಮೇಲೆ ಹಬ್ಬಿ, ಸೋಕಿದರೆ ಮೈಯೆಲ್ಲ ತುರಿಸುವ ಅದೇ ಬಳ್ಳಿ. ಇದರ ಲೆಕ್ಕ ಬೇರೆ. ಅದರ ಬೀಜದಲ್ಲಿ ಲೆವೊಡೋಪಾ ಇದೆಯೆಂದು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಮೈಟೊಕಾಂಡ್ರಿಯಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಕಳೆದುಹೋದ ಡೋಪಮೈನನ್ನು ತುಂಬುತ್ತದೆ. ಚಿಕ್ಕಪ್ಪನ ಸಿಂಡೋಪಾ ಮಾತ್ರೆಯಲ್ಲಿರುವುದೂ ಅದೇ ಲೆವೊಡೋಪಾ. ಹೀಗಾಗಿ ಮಾತ್ರೆಯ ಜೊತೆಗೆ ಗುಟ್ಟಾಗಿ ಬೀಜದ ಪುಡಿಯನ್ನೂ ತಿಂದರೆ ಪ್ರಮಾಣ ಎರಡು ಕಡೆಯಿಂದ ಏರುತ್ತದೆ, ವೈದ್ಯರಿಗೆ ಅದರ ಸುಳಿವೇ ಇರುವುದಿಲ್ಲ.

ಮಾತಿನ ನಡುವೆ ನಾನು ಚಿಕ್ಕಪ್ಪನ ಔಷಧಿಯ ಡಬ್ಬಿಯನ್ನು ಬಿಚ್ಚಿ ನೋಡಿದೆ. ಬೆಳಗಿನ ಖಾನೆಯಲ್ಲಿ ಸಿಂಡೋಪಾದ ಪಕ್ಕದಲ್ಲೇ ಕಬ್ಬಿಣದ ಮಾತ್ರೆ. ರಕ್ತಹೀನತೆಗೆಂದು ಬೇರೆ ವೈದ್ಯರು ಆರು ತಿಂಗಳ ಹಿಂದೆ ಬರೆದದ್ದು, ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದರು. ಕಬ್ಬಿಣವು ಹೊಟ್ಟೆಯಲ್ಲಿ ಲೆವೊಡೋಪಾವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. "ಈಚೆಗೆ ಬೆಳಗಿನ ಮಾತ್ರೆ ಹತ್ತುವುದೇ ಇಲ್ಲ" ಎಂದು ಅವರು ಗೊಣಗುತ್ತಿದ್ದುದೂ ಹೆಚ್ಚುಕಡಿಮೆ ಆರು ತಿಂಗಳಿಂದ. ಅವರ ನರರೋಗ ವೈದ್ಯರಿಗೆ ಫೋನು ಮಾಡಿ ಕೇಳಿ, ಕಬ್ಬಿಣವನ್ನು ರಾತ್ರಿಗೆ ಬದಲಾಯಿಸಿದೆವು, ಸಿಂಡೋಪಾವನ್ನು ತಿಂಡಿಗೆ ಅರ್ಧ ಗಂಟೆ ಮೊದಲು ಇಟ್ಟೆವು. ಎರಡು ವಾರದ ಮೇಲೆ ಚಿಕ್ಕಮ್ಮ ಫೋನು ಮಾಡಿ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಂಗಳದಲ್ಲಿ ಓಡಾಡುತ್ತಾರೆ ಎಂದರು. ಆ ಆರು ತಿಂಗಳು ಮನೆಮಂದಿಯೆಲ್ಲ ವಾಟ್ಸಾಪ್‌ನಲ್ಲಿ ಚರ್ಚಿಸುತ್ತಿದ್ದುದು ಮೈಟೊಕಾಂಡ್ರಿಯದ ಬಗ್ಗೆ!

ಸೀಸೆಯನ್ನೇನು ಮಾಡುವುದು ಎಂದು ಕೊನೆಗೆ ಚಿಕ್ಕಪ್ಪ ಕೇಳಿದರು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಾಗಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ, ಏಕೆಂದರೆ ಕ್ಯೂ10 ಅದರ ಪರಿಣಾಮವನ್ನು ಕುಗ್ಗಿಸಬಹುದು. ಅವರಿಗೆ ಅದಿಲ್ಲ. ಪರೀಕ್ಷೆಯಲ್ಲಿ ಸೋತ ಪ್ರಮಾಣಕ್ಕೇ ದಿನಕ್ಕೆ ಹನ್ನೆರಡು ಕ್ಯಾಪ್ಸೂಲು ಬೇಕು, ನಿಮ್ಮ ಸೀಸೆ ಐದೇ ದಿನಕ್ಕೆ ಖಾಲಿ ಎಂದು ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದು ಕಳಿಸಬೇಡ ಅಂತ ಅವನಿಗೆ ಹೇಳು. ಇದನ್ನು ದಿನಕ್ಕೊಂದರಂತೆ ಮುಗಿಸಿಬಿಡ್ತೇನೆ, ದುಡ್ಡು ಕೊಟ್ಟದ್ದು" ಎಂದರು. ನಾನು ಬೇಡವೆನ್ನಲಿಲ್ಲ.