ಆ ಮಾತು ವಾಷಿಂಗ್ಟನ್‌ರದ್ದಲ್ಲ, ಜೆಫರ್ಸನ್‌ರದ್ದು

‘ಯಾರೊಂದಿಗೂ ತೊಡಕಿನ ಮೈತ್ರಿ ಬೇಡ’ ಎಂದು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ವಿದಾಯ ಭಾಷಣದಲ್ಲಿ ಹೇಳಿದರೆಂಬ ಸಾಲು ಮತ್ತೆ ಹರಿದಾಡುತ್ತಿದೆ. ಇದು ತಪ್ಪು. ಆ ಮಾತನ್ನು ಆಡಿದ್ದು ಥಾಮಸ್ ಜೆಫರ್ಸನ್, 1801ರ ಮಾರ್ಚ್ 4ರಂದು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ.

ವಾಷಿಂಗ್ಟನ್ ತಮ್ಮ ವಿದಾಯವನ್ನು ಭಾಷಣವಾಗಿ ಓದಲೇ ಇಲ್ಲ. 1796ರ ಸೆಪ್ಟೆಂಬರ್ 19ರಂದು ಅದು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅವರು ದೂರವಿರಿ ಎಂದದ್ದು ‘ಶಾಶ್ವತ’ ಮೈತ್ರಿಗಳಿಂದ. ತೀರಾ ತುರ್ತಿದ್ದರೆ ತಾತ್ಕಾಲಿಕ ಮೈತ್ರಿ ಮಾಡಿಕೊಳ್ಳಬಹುದೆಂದೂ ಅದೇ ಬರಹದಲ್ಲಿದೆ. ಅದನ್ನು ಬಿಟ್ಟು ಹಂಚುವುದು ಅವರಿಗೆ ಮಾಡುವ ಅನ್ಯಾಯ.

ಯಾವ ದೇಶದ ಜೊತೆ ನಂಟು ಬೆಳೆಸಬೇಕೆಂಬ ಬಗ್ಗೆ ಆಗಿನ ಪಕ್ಷಗಳ ಜಗಳವೂ ಸಣ್ಣದಲ್ಲ. ಬ್ರಿಟನ್ ಜೊತೆಗಿನ ವ್ಯಾಪಾರ ಮತ್ತು ಗಡಿ ತಗಾದೆಗಳ ಕುರಿತ ಜೇ ಒಪ್ಪಂದವನ್ನು, ಬ್ರಿಟನ್ ಕಡೆ ಒಲವಿದ್ದ ಫೆಡರಲಿಸ್ಟ್ ಪಕ್ಷದವರು ಬೆಂಬಲಿಸಿದರು, ಫ್ರಾನ್ಸ್ ಕಡೆ ಒಲವಿದ್ದ ಜೆಫರ್ಸನ್ ಬಣ ವಿರೋಧಿಸಿತು. 1795ರಲ್ಲಿ ಸೆನೆಟ್ ಅದನ್ನು ಒಪ್ಪಿದ್ದು 20–10 ಮತಗಳಿಂದ, ಒಪ್ಪಂದಕ್ಕೆ ಬೇಕಿದ್ದ ಮೂರನೇ ಎರಡರಷ್ಟು ಬಹುಮತ ಸರಿಯಾಗಿ ಅಷ್ಟೇ. ಒಬ್ಬರು ಕೈಬಿಟ್ಟು ಎದುರು ಮತ ಹಾಕಿದ್ದರೂ ಒಪ್ಪಂದ ಬಿದ್ದುಹೋಗುತ್ತಿತ್ತು.