ಒಂದು ಮಿಲಿಮೀಟರಿಗೆ ಶೇಕಡಾ ಎರಡು

2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ದರ ಬದಲಾವಣೆಯ ಸಂಭ್ರಮದಲ್ಲಿ ಒಂದು ಸಾವನ್ನು ಯಾರೂ ಗಮನಿಸಲಿಲ್ಲ. ಕಾರಿನ ತೆರಿಗೆ ನಿರ್ಧರಿಸುತ್ತಿದ್ದ 170 ಮಿಲಿಮೀಟರ್ ತೀರಿಕೊಂಡಿತು. ದೊಡ್ಡ ಕಾರುಗಳಿಗೆಲ್ಲ ಸಾರಾಸಗಟು ಶೇ 40 ಎಂದಾದ ಮೇಲೆ ಕಾರಿನ ಹೊಟ್ಟೆಯಡಿ ಟೇಪು ತೂರಿಸುವ ಕೆಲಸವೇ ಇಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಲ್ಲ, ಆಡೋಣ.

ಪುಣೆ ಬಳಿಯ ಚಾಕಣ್‌ನಲ್ಲಿ ಜೋಡಣೆಯಾಗುವ ಮರ್ಸಿಡಿಸ್ ಜಿಎಲ್‌ಎ ನೋಡಿ. ಪೆಟ್ರೋಲಿನದ್ದು 1,332 ಸಿಸಿ, ಡೀಸೆಲಿನದ್ದು 1,950. ಮೈಕಟ್ಟು ಒಂದೇ, ಮೂಗಿನ ಮೇಲಿನ ನಕ್ಷತ್ರವೂ ಒಂದೇ. ಹಳೆಯ ಕಾನೂನಿನಲ್ಲಿ ಎಸ್‌ಯುವಿ ಅನ್ನಿಸಿಕೊಳ್ಳಲು ಎಂಜಿನ್ 1,500 ಸಿಸಿ ಮೀರಬೇಕು, ಉದ್ದ 4,000 ಮಿಮೀ ಮೀರಬೇಕು, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ, 170 ಮಿಮೀ ಮುಟ್ಟಬೇಕು. ಪೆಟ್ರೋಲ್ ಜಿಎಲ್‌ಎ ಮೊದಲ ಸಬ್ಜೆಕ್ಟಿನಲ್ಲೇ ಫೇಲು. ಶೇ 28 ಜಿಎಸ್‌ಟಿಯ ಮೇಲೆ 17 ಸೆಸ್, ಒಟ್ಟು 45. ಡೀಸೆಲಿಗೆ ಮಾತ್ರ ಟೇಪಿನ ಭಾಗ್ಯ. 169 ಮಿಮೀ ಆದರೆ ಒಟ್ಟು ತೆರಿಗೆ ಶೇ 48, 170 ಆದರೆ 50. ಖಾಲಿ ಕಾರನ್ನೇ ಅಳೆಯಬೇಕು ಎಂದು 2023ರ ಜುಲೈಯಲ್ಲಿ ಜಿಎಸ್‌ಟಿ ಕೌನ್ಸಿಲ್ ಸ್ಪಷ್ಟಪಡಿಸಿತು. ಸರಿಯೇ. ಜನ ಹತ್ತಿದರೆ ಸ್ಪ್ರಿಂಗ್ ಕುಗ್ಗುತ್ತದೆ, ಜೊತೆಗೆ ಖಜಾನೆಯೂ ಕುಗ್ಗುತ್ತದೆ.

ಉದ್ದದ ಟೇಪಿಗೆ ಆಯಸ್ಸು ಗಟ್ಟಿ. 1,200 ಸಿಸಿ ಒಳಗಿನ ಪೆಟ್ರೋಲ್ ಕಾರು 4,000 ಮಿಮೀ ಇದ್ದರೆ ಶೇ 18, 4,001 ಆದರೆ 40. ಬಂಪರ್ ಡಿಸೈನ್ ಮಾಡುವವನು ಎಂಜಿನಿಯರೋ ಆಡಿಟರೋ, ನೀವೇ ಹೇಳಿ.

ಅಂದ ಹಾಗೆ ಪೆಟ್ರೋಲ್ ಜಿಎಲ್‌ಎಯ ಆ 1.3 ಲೀಟರ್ ಟರ್ಬೊ ಎಂಜಿನ್ ಮರ್ಸಿಡಿಸ್‌ನ ಆಗಿನ ಮಾತೃಸಂಸ್ಥೆ ಡೈಮ್ಲರ್ ಮತ್ತು ರೆನೋ ಸೇರಿ ರೂಪಿಸಿದ್ದು. ಅದೇ ಕುಟುಂಬದ ಎಂಜಿನ್ 2020ರಲ್ಲಿ ನಮ್ಮ ರೆನೋ ಡಸ್ಟರಿಗೂ ಬಂತು, 156 ಕುದುರೆಶಕ್ತಿ. ಜಿಎಲ್‌ಎಯಲ್ಲಿ 163. ಏಳು ಕುದುರೆ ಹೆಚ್ಚು, ಬೆಲೆ ಮೂರು ಪಟ್ಟಿಗೂ ಹೆಚ್ಚು. ಎಂಜಿನ್ ಒಳ್ಳೆಯದೇ, ಡಸ್ಟರ್ ಕೊಂಡವನು ಜಾಣ, ಅಷ್ಟೆ. ಇನ್ನು, ಪೆಟ್ರೋಲಿನ ಜಿಎಲ್‌ಎ 200ರಲ್ಲಿ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. ಗದ್ದೆಬದಿಯ ಕೆಸರಿಗೆ ಇಳಿದಿರೋ, ಟ್ರ್ಯಾಕ್ಟರ್ ಮಾಲೀಕನ ನಂಬರ್ ಇಟ್ಟುಕೊಳ್ಳಿ. ಎಸ್‌ಯುವಿಗೆ ಮೂರು ಷರತ್ತು ಹಾಕಿದ ಕಾನೂನು ಎಷ್ಟು ಚಕ್ರ ತಿರುಗುತ್ತವೆ ಎಂದು ಮಾತ್ರ ಕೇಳಲೇ ಇಲ್ಲ.

ಇಷ್ಟೆಲ್ಲ ಅಳೆದ ಗಾಡಿ ಕೊನೆಗೆ ಬರುವುದು ನಮ್ಮ ರಸ್ತೆಯ ಹಂಪಿನ ಮುಂದೆ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಆಮೆಯ ಬೆನ್ನಿನಂತೆ ನಿಧಾನ ಏರಿಳಿತ. ನಮ್ಮ ಬಡಾವಣೆಯವರು ಹಾಕಿಸುವುದು ರಾತ್ರೋರಾತ್ರಿ ಸುರಿದ ಡಾಂಬರಿನ ಗುಡ್ಡೆ. ಜಿಎಲ್‌ಎಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2,729 ಮಿಮೀ. ಮುಂದಿನ ಚಕ್ರ ಇಳಿದಾಗಿದೆ, ಹಿಂದಿನದು ಇನ್ನೂ ಹತ್ತಿಲ್ಲ, ನಡುಹೊಟ್ಟೆ ಸರಿಯಾಗಿ ಗುಡ್ಡೆಯ ನೆತ್ತಿಯ ಮೇಲೆ. ಮೊದಲು ಹೋಗುವುದು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳು. ಆಮೇಲೆ ಹೊದಿಕೆ ಜೋತು ಬಿದ್ದು ಊರಿಗೆಲ್ಲ ಕೇಳುವಂತೆ ರಸ್ತೆ ಕೆರೆಯುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಹಿಂದಿನವನು ಹಾರ್ನ್ ಹೊಡೆಯಲಿ ಬಿಡಿ.

ಗುಂಡಿಯದ್ದು ಬೇರೆ ಲೆಕ್ಕ. 19 ಇಂಚಿನ ಚಕ್ರಕ್ಕೆ 235/50 ಟೈರು ಅಂದರೆ ಅಗಲ 235 ಮಿಮೀ, ಪಕ್ಕದ ಗೋಡೆ ಅದರ ಶೇ 50, ಬರೀ 117 ಮಿಮೀ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಅದು ಚಿವುಟಿಕೊಂಡು ಒಳಗಿನ ದಾರ ಕಡಿಯುತ್ತದೆ, ಹೊರಗೆ ಬೋರೆಕಾಯಿಯಷ್ಟು ಉಬ್ಬು. ಪಂಚರ್ ಅಂಗಡಿಯವನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹೊಸ ಟೈರೇ ಗತಿ. ವಾರಂಟಿಯ ಕೈ ಅಲ್ಲಿಗೆ ಚಾಚುವುದಿಲ್ಲ.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. 50 ಲಕ್ಷಕ್ಕೆ 9 ಲಕ್ಷ, ಸೆಸ್ ಬೇರೆ. ಕಾರಿನವನ ಗೋಳಿಗೆ ಅಳುವ ಅಗತ್ಯವಿಲ್ಲ, ಅವನು ಟೈರ್ ಬದಲಿಸಿಕೊಂಡು ಮನೆ ಸೇರುತ್ತಾನೆ. ಅದೇ ಗುಂಡಿಗೆ ಮಳೆನೀರು ತುಂಬಿದ ಸಂಜೆ ಸ್ಕೂಟರಿನವನು ಬೀಳುತ್ತಾನೆ, ಹಿಂದಿನಿಂದ ಲಾರಿ ಬರುತ್ತಿರುತ್ತದೆ. ಮರುದಿನ ಪೊಲೀಸರು ಬರೆದುಕೊಳ್ಳುವುದು 'ಅಜಾಗರೂಕ ಚಾಲನೆ'. ಅವನೂ ಜೀವಾವಧಿ ತೆರಿಗೆ ಕಟ್ಟಿದ್ದ.